ಟ್ರ್ಯಾಕ್ಟರಿನ ಆಯಿಲ್ ಕೂಲರ್ ಪೈಪುಗಳು: ಆಯ್ಕೆ ಮತ್ತು ಜೋಡಣೆ

ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಟ್ರ್ಯಾಕ್ಟರುಗಳಿಗೆ ಹಗಲಿರುಳು ಬಿಡುವಿರುವುದಿಲ್ಲ. ರಾಯಬಾಗ ತಾಲೂಕಿನ ಅಲಖನೂರದಂಥ ಊರಿನಲ್ಲಿ ಅದೇ ಟ್ರ್ಯಾಕ್ಟರು ಮುಂಗಾರಿಗೆ ಮೊದಲು ಎರೆಭೂಮಿಯನ್ನು ಆಳವಾಗಿ ಉಳುತ್ತದೆ, ರೋಟಾವೇಟರ್ ಹೊಡೆಯುತ್ತದೆ, ಹಂಗಾಮಿನಲ್ಲಿ ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಯ ದಾರಿ ಹಿಡಿಯುತ್ತದೆ. ಇಷ್ಟೆಲ್ಲ ದುಡಿಯುವ ಯಂತ್ರದ ಇಂಜಿನ್, ಟಾಯರು, ಬ್ಯಾಟರಿಗಳ ಕಡೆಗೆ ರೈತರು ಸಾಕಷ್ಟು ಗಮನ ಕೊಡುತ್ತಾರೆ. ಆದರೆ ಗೇರ್ ಪೆಟ್ಟಿಗೆಯ ಹಾಗೂ ಹೈಡ್ರಾಲಿಕ್‌ನ ಎಣ್ಣೆಯನ್ನು ತಂಪು ಮಾಡಲು ಒಯ್ಯುವ ಸಣ್ಣ ಪೈಪುಗಳ ಕಡೆಗೆ, ಅವು ಒಡೆದು ಎಣ್ಣೆ ನೆಲಕ್ಕೆ ಸುರಿಯುವ ತನಕ, ಯಾರೂ ನೋಡುವುದಿಲ್ಲ.

ಪೈಪು ಒಡೆದಾಗ ಆಗುವ ನಷ್ಟ ಪೈಪಿನ ಬೆಲೆಯಷ್ಟೇ ಅಲ್ಲ. ಎಣ್ಣೆಯಿಲ್ಲದೆ ಓಡಿದ ಗೇರ್ ಪೆಟ್ಟಿಗೆಯ ಬೇರಿಂಗು ಮತ್ತು ಕ್ಲಚ್ ಪ್ಲೇಟುಗಳು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗಬಹುದು. ಕಡಿದ ಕಬ್ಬು ಗದ್ದೆಯಲ್ಲಿ ಒಣಗುತ್ತ ತೂಕ ಕಳೆದುಕೊಳ್ಳುತ್ತದೆ. ಒಡೆದ ಪೈಪನ್ನು ಬದಲಾಯಿಸುವಾಗ ಕೈಗೆ ಸಿಕ್ಕಿದ ಪೈಪು, ಸಿಕ್ಕಿದ ನಿಪ್ಪಲ್ ಹಾಕಿದರೆ ಅದೇ ತೊಂದರೆ ಮತ್ತೆ ಮರುಕಳಿಸುತ್ತದೆ. ಆದುದರಿಂದ ಸರಿಯಾದ ಪೈಪು ಮತ್ತು ಫಿಟಿಂಗುಗಳನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಕೂಲರ್ ಪೈಪಿನ ಕೆಲಸ

ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಪೆಟ್ಟಿಗೆ, ಹಿಂದಿನ ಆಕ್ಸಲ್ ಮತ್ತು ಹೈಡ್ರಾಲಿಕ್ ಲಿಫ್ಟ್ ಇವೆಲ್ಲಕ್ಕೂ ಒಂದೇ ಎಣ್ಣೆ. ಲಿಫ್ಟು, ಪವರ್ ಸ್ಟೀಯರಿಂಗು, ಟ್ರೇಲರಿನ ಜಾಕ್ ಇವುಗಳ ಕೆಲಸ ಹೆಚ್ಚಿದಂತೆ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ನೀರಾಗುತ್ತದೆ. ಹಲ್ಲುಗಳ ನಡುವೆ ನಿಲ್ಲುವ ಶಕ್ತಿ ಕಳೆದುಕೊಳ್ಳುತ್ತದೆ. ಉಷ್ಣತೆ ಮಿತಿ ಮೀರಿದ ಮೇಲೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಎಣ್ಣೆಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರು ಒಪ್ಪಿಕೊಂಡು ಬಂದ ಸ್ಥೂಲ ಲೆಕ್ಕ. ರಬ್ಬರ್ ಸೀಲುಗಳೂ ಕಾವಿಗೆ ಗಟ್ಟಿಯಾಗಿ ಬಿರುಕು ಬಿಡುತ್ತವೆ.

ಇದನ್ನು ತಪ್ಪಿಸಲು ಹೆಚ್ಚು ಶಕ್ತಿಯ ಹಲವು ಟ್ರ್ಯಾಕ್ಟರುಗಳಲ್ಲಿ ರೇಡಿಯೇಟರಿನ ಮುಂದೆ ಒಂದು ಆಯಿಲ್ ಕೂಲರ್ ಇಟ್ಟಿರುತ್ತಾರೆ. ಕಬ್ಬು ಕಟಾವು ಯಂತ್ರಗಳಲ್ಲಿ ಗಾಲಿಗಳೂ ಎಣ್ಣೆಯ ಒತ್ತಡದಿಂದಲೇ ತಿರುಗುವುದರಿಂದ ಅವುಗಳ ಕೂಲರ್ ಇನ್ನೂ ದೊಡ್ಡದು. ಗೇರ್ ತಾನಾಗಿಯೇ ಬದಲಾಗುವ ಕಾರುಗಳಲ್ಲಿಯೂ ಇಂಥದೇ ಏರ್ಪಾಡಿದೆ. ಹಲವು ಕಾರುಗಳಲ್ಲಿ ಕೂಲರ್ ರೇಡಿಯೇಟರಿನ ಒಳಗೇ ಇರುತ್ತದೆ. ಎಲ್ಲ ಕಡೆಯೂ ಎರಡು ಪೈಪುಗಳಿರುತ್ತವೆ. ಒಂದು ಬಿಸಿ ಎಣ್ಣೆಯನ್ನು ಕೂಲರಿಗೆ ಒಯ್ಯುತ್ತದೆ, ಇನ್ನೊಂದು ತಂಪಾದ ಎಣ್ಣೆಯನ್ನು ಮರಳಿ ತರುತ್ತದೆ. ಕೆಲವು ಯಂತ್ರಗಳಲ್ಲಿ ಮರಳಿ ಬರುವ ಈ ಎಣ್ಣೆಯೇ ಗೇರುಗಳಿಗೆ ನೇರವಾಗಿ ಸಿಗುವ ಎಣ್ಣೆ. ಅಂಥ ಕಡೆ ಪೈಪಿನ ಬಾಯಿಗೆ ಬಿರಡೆ ಬಡಿದು ಟ್ರ್ಯಾಕ್ಟರ್ ಓಡಿಸುವುದೆಂದರೆ ಗೇರಿನ ಬಾಯಿಗೆ ಬೀಗ ಹಾಕಿದಂತೆಯೇ.

ಮೊದಲು ಒತ್ತಡ ಯಾವುದೆಂದು ತಿಳಿಯಿರಿ

ಒತ್ತಡವನ್ನು 'ಬಾರ್' ಎಂಬ ಅಳತೆಯಿಂದ ಹೇಳುತ್ತಾರೆ. ಒಂದು ಬಾರ್ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ಟ್ರ್ಯಾಕ್ಟರಿನಲ್ಲಿ ಎಣ್ಣೆಯ ಪೈಪುಗಳು ಎರಡು ಜಾತಿಯವು.

1. ಕಡಿಮೆ ಒತ್ತಡದವು: ಕೂಲರಿಗೆ ಹೋಗಿ ಬರುವ ಪೈಪುಗಳು ಮತ್ತು ತೊಟ್ಟಿಗೆ ಮರಳುವ ಪೈಪುಗಳು. ಇವುಗಳಲ್ಲಿ ಸಾಮಾನ್ಯವಾಗಿ ಕೆಲವೇ ಬಾರ್ ಒತ್ತಡ. ಆದರೆ ಚಳಿಗಾಲದ ಮುಂಜಾನೆ ಎಣ್ಣೆ ಮಂದವಾಗಿರುವಾಗ ಇದು ಕೆಲಹೊತ್ತು ಏರುತ್ತದೆ ಎಂಬುದನ್ನು ಮರೆಯಬಾರದು.

2. ಹೆಚ್ಚಿನ ಒತ್ತಡದವು: ಪಂಪಿನಿಂದ ಲಿಫ್ಟಿಗೆ, ಸ್ಟೀಯರಿಂಗಿಗೆ, ಟ್ರೇಲರಿನ ಜಾಕಿಗೆ ಹೋಗುವ ಪೈಪುಗಳು. ಲಿಫ್ಟ್ ಮತ್ತು ಜಾಕಿನ ಪೈಪುಗಳಲ್ಲಿ 150ರಿಂದ 200 ಬಾರ್ ಒತ್ತಡ ಸಾಮಾನ್ಯ.

ನೋಡಲು ಎರಡೂ ಕರಿಯ ರಬ್ಬರ್ ಪೈಪುಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವುದು ಅಪಾಯಕರ. ಕೂಲರಿಗೆ ತಕ್ಕ ಪೈಪನ್ನು ಕ್ಲಿಪ್ ಬಿಗಿದು ಜಾಕಿಗೆ ಹಾಕಿದರೆ ಅದು ಮೊದಲ ಎತ್ತಿಗೇ ಕಳಚಿ ಸಿಡಿಯುತ್ತದೆ. ಯಂತ್ರದ ಕೈಪಿಡಿಯಲ್ಲಿ ಒತ್ತಡದ ವಿವರವನ್ನು ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಅದನ್ನು ನೋಡಿದ ಮೇಲೆಯೇ ಅಂಗಡಿಗೆ ಹೋಗಬೇಕು.

ಲೋಹದ ಪೈಪಿನ ಆಯ್ಕೆ

ಕೂಲರಿನ ಪೈಪಿಗೆ ಉಕ್ಕಿನ ಬೆಸುಗೆ ಕಾಣದ, ತೆಳುಗೋಡೆಯ ಪೈಪು ಎಲ್ಲಕ್ಕೂ ಉತ್ತಮ. ಕಾರು, ಜೀಪುಗಳ ಬ್ರೇಕಿಗೆ ಬಳಸುವ ಎರಡು ಪದರದ ಉಕ್ಕಿನ ಪೈಪಿನ ಜಾತಿಯೂ ನಡೆಯುತ್ತದೆ, ಆದರೆ ಅದರ ವ್ಯಾಸ ಕೂಲರಿಗೆ ಸಾಕಾಗುವಷ್ಟಿರಬೇಕು. ತಾಮ್ರ-ನಿಕಲ್ ಮಿಶ್ರಲೋಹದ ಪೈಪು ತುಕ್ಕು ಹಿಡಿಯುವುದಿಲ್ಲ, ಸುಲಭವಾಗಿ ಬಾಗುತ್ತದೆ.

ಬಳಸಬಾರದವು ಎರಡು. ಮೊದಲನೆಯದು ಬರಿಯ ತಾಮ್ರದ ಪೈಪು. ಅದು ಮೆತ್ತಗಿದ್ದು ಕೈಯಲ್ಲೇ ಬಾಗುವುದರಿಂದ ಅನೇಕರಿಗೆ ಇಷ್ಟ. ಆದರೆ ಇಂಜಿನ್ನಿನ ಅದುರುವಿಕೆಗೆ ಸಿಕ್ಕ ತಾಮ್ರ ದಿನ ಕಳೆದಂತೆ ಬಿರುಸಾಗಿ ನಟ್ಟಿನ ಬುಡದಲ್ಲಿ ಬಿರುಕು ಬಿಡುತ್ತದೆ. ಎರಡನೆಯದು ನೀರಿಗೆ ಬಳಸುವ ಜಸ್ತದ ಲೇಪದ, ಜಿ.ಐ. ಪೈಪು. ಜಸ್ತ ಎಣ್ಣೆಯಲ್ಲಿ ಸೇರಿಸಿರುವ ರಾಸಾಯನಿಕಗಳೊಂದಿಗೆ ಕೂಡಿಕೊಳ್ಳುತ್ತದೆ; ಅದರ ಚಕ್ಕೆಗಳು ಕಳಚಿ ವಾಲ್ವುಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ರಬ್ಬರ್ ಹೋಸಿನ ಆಯ್ಕೆ

ಇಂಜಿನ್ ಅದುರುತ್ತದೆ, ಕೂಲರ್ ಚೌಕಟ್ಟಿಗೆ ಬಿಗಿದಿರುತ್ತದೆ. ಇವೆರಡರ ನಡುವೆ ಎಲ್ಲಾದರೂ ಒಂದು ಕಡೆ ಬಾಗುವ ಹೋಸ್ ಇರಲೇಬೇಕು. ಹೋಸ್ ಕೊಳ್ಳುವಾಗ ಮೂರು ಸಂಗತಿ ಕೇಳಿರಿ.

ಒಂದು, ಒಳಪದರ ಯಾವ ರಬ್ಬರಿನದು? ಖನಿಜ ಎಣ್ಣೆಗೆ ತಾಳುವುದು ನೈಟ್ರೈಲ್ ರಬ್ಬರು. ರೇಡಿಯೇಟರಿನ ನೀರಿನ ಹೋಸು ಬೇರೆ ಜಾತಿಯ ರಬ್ಬರಿನದಾದ್ದರಿಂದ ಎಣ್ಣೆ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮಾತ್ರ ದಾರಿ ಮುಚ್ಚುತ್ತ ಬರುತ್ತದೆ. ಹೊಲಕ್ಕೆ ನೀರು ಹಾಯಿಸುವ ಪ್ಲಾಸ್ಟಿಕ್ ಪೈಪಂತೂ ಬಿಸಿ ಎಣ್ಣೆಗೆ ಕರಗುವಷ್ಟು ಮೆತ್ತಗಾಗುತ್ತದೆ. ಅದನ್ನು ಹತ್ತಿರವೂ ತರಬಾರದು.

ಎರಡು, ಎಷ್ಟು ಕಾವು ತಾಳುತ್ತದೆ? ಸಾಮಾನ್ಯ ಹೈಡ್ರಾಲಿಕ್ ಹೋಸುಗಳು 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂತೆ ಮಾಡಿರುತ್ತವೆ. ಡೀಸೆಲ್ ಸಾಗಿಸುವ ಅಗ್ಗದ ಹೋಸಿಗೆ ಇಷ್ಟು ಕಾವು ತಾಳುವ ಭರವಸೆ ಇರುವುದಿಲ್ಲ.

ಮೂರು, ಎಷ್ಟು ಒತ್ತಡ ತಾಳುತ್ತದೆ? ಇದನ್ನು ಹೋಸಿನ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ. ಒಂದು ತಂತಿಜಾಲರಿಯ ಹೋಸಿಗೆ 'ಆರ್ 1' ಅಥವಾ '1 ಎಸ್‌ಎನ್' ಎಂದೂ, ಎರಡು ತಂತಿಜಾಲರಿಯದಕ್ಕೆ 'ಆರ್ 2' ಅಥವಾ '2 ಎಸ್‌ಎನ್' ಎಂದೂ ಗುರುತಿರುತ್ತದೆ. ಒಳವ್ಯಾಸ 1/2 ಅಂಗುಲವಿರುವ 1 ಎಸ್‌ಎನ್ ಹೋಸು 160 ಬಾರ್ ವರೆಗೆ, ಅದೇ ಅಳತೆಯ 2 ಎಸ್‌ಎನ್ ಹೋಸು 275 ಬಾರ್ ವರೆಗೆ ದುಡಿಯಬಲ್ಲದು. ಆದುದರಿಂದ ಟ್ರೇಲರಿನ ಜಾಕಿಗೆ ಎರಡು ಜಾಲರಿಯ ಹೋಸನ್ನೇ ಕೇಳಬೇಕು. ಕೂಲರಿಗೆ ನೂಲಿನ ಜಾಲರಿಯ, ಎಣ್ಣೆಗೆಂದೇ ಮಾಡಿದ ಕಡಿಮೆ ಒತ್ತಡದ ಹೋಸು ಸಾಕು. ಅಚ್ಚು ಇಲ್ಲದ ಹೋಸನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿರಿ.

ಅಳತೆಯಲ್ಲಿ ಮೋಸಹೋಗಬೇಡಿ

ಲೋಹದ ಪೈಪನ್ನು ಹೊರವ್ಯಾಸದಿಂದ ಕರೆಯುತ್ತಾರೆ, ರಬ್ಬರ್ ಹೋಸನ್ನು ಒಳವ್ಯಾಸದಿಂದ ಕರೆಯುತ್ತಾರೆ. 3/8 ಅಂಗುಲದ ಉಕ್ಕಿನ ಪೈಪಿನ ಮೇಲೆ 3/8 ಅಂಗುಲದ ಹೋಸು ಕೂಡುವುದು ಇದೇ ಕಾರಣದಿಂದ. ಆದರೆ ಪೈಪಿನ ಗೋಡೆ 0.7 ಮಿ.ಮೀ. ದಪ್ಪವಿದ್ದರೆ ಎಣ್ಣೆ ಹರಿಯುವ ಒಳದಾರಿ 9.5 ಮಿ.ಮೀ. ಅಲ್ಲ, 8.1 ಮಿ.ಮೀ. ಮಾತ್ರ.

ಹಳೆಯ ಪೈಪಿಗಿಂತ ಸಣ್ಣದನ್ನು ಎಂದೂ ಹಾಕಬೇಡಿರಿ. ಕಾರಣವನ್ನು ಒಂದು ಲೆಕ್ಕದಿಂದ ತಿಳಿಯೋಣ. ಕೂಲರಿಗೆ ನಿಮಿಷಕ್ಕೆ 20 ಲೀಟರ್ ಎಣ್ಣೆ ಹೋಗುತ್ತದೆಂದು ಇಟ್ಟುಕೊಳ್ಳಿ. 1/2 ಅಂಗುಲದ ಹೋಸಿನಲ್ಲಿ ಅದು ಸೆಕೆಂಡಿಗೆ ಸುಮಾರು 2.6 ಮೀಟರ್ ವೇಗದಲ್ಲಿ ಹರಿಯುತ್ತದೆ. ಮರಳುವ ಪೈಪಿಗೆ ಸೆಕೆಂಡಿಗೆ 2ರಿಂದ 3 ಮೀಟರ್ ವೇಗ ಯೋಗ್ಯವೆಂದು ತಂತ್ರಜ್ಞರು ಇಟ್ಟುಕೊಂಡಿದ್ದಾರೆ. ಅದೇ ಎಣ್ಣೆಯನ್ನು 3/8 ಅಂಗುಲದ ಹೋಸಿನಲ್ಲಿ ಕಳಿಸಿದರೆ ವೇಗ 4.7 ಮೀಟರಿಗೆ ಏರುತ್ತದೆ, ಎಣ್ಣೆ ಹರಿಯಲು ಆಗುವ ತಡೆ ಮೂರು ಪಟ್ಟಾಗುತ್ತದೆ. ಎಣ್ಣೆ ಸಾಕಷ್ಟು ಹೋಗದೆ ಕೂಲರ್ ಇದ್ದೂ ಇಲ್ಲದಂತಾಗುತ್ತದೆ. ವ್ಯಾಸದಲ್ಲಿ ಕಣ್ಣಿಗೆ ಕಾಣದಷ್ಟು ಕಡಿತವಾದರೂ ಹರಿವಿನಲ್ಲಿ ಬಹಳ ಕಡಿತವಾಗುತ್ತದೆಂಬುದು ಇದರ ತಾತ್ಪರ್ಯ.

ಫಿಟಿಂಗುಗಳ ಪರಿಚಯ

ಸೋರಿಕೆಯ ತಕರಾರುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಯೇ. ಎರಡು ತಿರುಪುಗಳು ಒಂದಕ್ಕೊಂದು ಕೂಡಿದವೆಂದ ಮಾತ್ರಕ್ಕೆ ಅವು ಜೋಡಿಯಲ್ಲ. ನಮ್ಮಲ್ಲಿ ಸಿಗುವ ಮುಖ್ಯ ಬಗೆಗಳು ಇವು.

1. ಬಿ.ಎಸ್.ಪಿ.: ಇಂಗ್ಲಿಷ್ ಪೈಪಿನ ತಿರುಪು. ಇದರ ಹೆಸರಿಗೂ ಅಳತೆಗೂ ಸಂಬಂಧವಿಲ್ಲ. 1/4 ಬಿ.ಎಸ್.ಪಿ.ಯ ಹೊರವ್ಯಾಸ 13.2 ಮಿ.ಮೀ., 3/8ದ್ದು 16.7 ಮಿ.ಮೀ., 1/2ದ್ದು 21.0 ಮಿ.ಮೀ.

2. ಮೆಟ್ರಿಕ್: ಮಿಲಿಮೀಟರಿನಲ್ಲಿ ಹೇಳುವ ತಿರುಪು. ಉದಾಹರಣೆಗೆ ಎಂ 16 × 1.5 ಎಂದರೆ ಹೊರವ್ಯಾಸ 16 ಮಿ.ಮೀ., ಒಂದು ಸುತ್ತಿನಿಂದ ಇನ್ನೊಂದಕ್ಕೆ 1.5 ಮಿ.ಮೀ. ಅಂತರ. ಇದಕ್ಕೂ 3/8 ಬಿ.ಎಸ್.ಪಿ.ಗೂ ನೋಟದಲ್ಲಿ ವ್ಯತ್ಯಾಸ ತಿಳಿಯದು. ಎರಡು ಸುತ್ತು ಕೂಡಿ ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಬಲ ಹಾಕಿದರೆ ಅಲ್ಯೂಮಿನಿಯಂ ಕೂಲರಿನ ಬಾಯಿಯೇ ಕೆಡುತ್ತದೆ.

3. ಎನ್.ಪಿ.ಟಿ.: ಅಮೆರಿಕದ ಪೈಪಿನ ತಿರುಪು, ತುದಿಯ ಕಡೆಗೆ ಸಪೂರಾಗುತ್ತದೆ. 1/2 ಅಂಗುಲದ ಅಳತೆಯಲ್ಲಿ ಬಿ.ಎಸ್.ಪಿ. ಮತ್ತು ಎನ್.ಪಿ.ಟಿ. ಎರಡರಲ್ಲಿಯೂ ಅಂಗುಲಕ್ಕೆ 14 ಸುತ್ತುಗಳು. ಆದುದರಿಂದ ಒಂದು ಇನ್ನೊಂದರೊಳಗೆ ಹೋಗುತ್ತದೆ. ಆದರೆ ಬಿ.ಎಸ್.ಪಿ. ಸುತ್ತಿನ ಕೋನ 55 ಡಿಗ್ರಿ, ಎನ್.ಪಿ.ಟಿ.ಯದು 60 ಡಿಗ್ರಿ. ಎಷ್ಟು ಬಿಗಿದರೂ ಸೋರುವುದು ನಿಲ್ಲುವುದಿಲ್ಲ.

4. ಫ್ಲೇರ್ ಫಿಟಿಂಗು: ಪೈಪಿನ ತುದಿಯನ್ನು ತುತ್ತೂರಿಯ ಬಾಯಂತೆ ಅರಳಿಸಿ ನಟ್ಟಿನಿಂದ ಒತ್ತಿಹಿಡಿಯುವ ಬಗೆ. ಹೈಡ್ರಾಲಿಕ್ ಯಂತ್ರಗಳಲ್ಲಿ ಬಳಸುವ ಜೆ.ಐ.ಸಿ. ಫಿಟಿಂಗಿನ ಇಳಿಜಾರು 37 ಡಿಗ್ರಿ, ಮೋಟಾರು ವಾಹನಗಳ ಇನ್ನೊಂದು ಬಗೆಯಲ್ಲಿ 45 ಡಿಗ್ರಿ. 1/2 ಅಂಗುಲದ ಪೈಪಿನಲ್ಲಿ ಎರಡರ ತಿರುಪೂ ಒಂದೇ ಆಗಿರುವುದರಿಂದ ನಟ್ಟು ಚೆನ್ನಾಗಿ ಕೂಡುತ್ತದೆ. ಮುಖಗಳು ಮಾತ್ರ ಒಂದು ಗೆರೆಯಲ್ಲಷ್ಟೇ ತಾಗುತ್ತವೆ. ಅಲ್ಲಿಂದ ಎಣ್ಣೆ ಒಸರುತ್ತದೆ.

5. ಬ್ಯಾಂಜೋ ಬೋಲ್ಟು: ನಡುವೆ ತೂತಿರುವ ಬೋಲ್ಟು, ಎರಡೂ ಬದಿಗೆ ತಾಮ್ರದ ವಾಷರು. ಪ್ರತಿ ಸಲ ಬಿಚ್ಚಿದಾಗಲೂ ಹೊಸ ವಾಷರು ಹಾಕಬೇಕು.

ಮನೆಯ ನೀರಿನ ನಳಕ್ಕೆ ಬಳಸುವ ಹಿತ್ತಾಳೆಯ ಉಂಗುರದ ಜೋಡಣೆಯನ್ನು ಟ್ರ್ಯಾಕ್ಟರಿಗೆ ಹಾಕಬಾರದು. ಅದುರುವಿಕೆಗೆ ಅದು ಸಡಿಲವಾಗಿ ಪೈಪು ಜಾರಿ ಹೊರಬರುತ್ತದೆ.

ಹೊಸ ಫಿಟಿಂಗು ತರುವಾಗ ಹಳೆಯದನ್ನು ಒರೆಸಿ ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ. ಅಂಗಡಿಯಲ್ಲಿ ವರ್ನಿಯರ್ ಕ್ಯಾಲಿಪರಿನಿಂದ ಹೊರವ್ಯಾಸವನ್ನೂ, ಪಿಚ್ ಗೇಜಿನಿಂದ ಸುತ್ತುಗಳನ್ನೂ ಅಳೆಯಿಸಿರಿ. ಕೈಬೆರಳಿನಿಂದ ಪೂರ್ತಿ ತಿರುಗಿ ಕೂಡಬೇಕು. ಪಾನಾ ಹಚ್ಚುವುದು ಕಡೆಯ ಬಿಗಿತಕ್ಕೆ ಮಾತ್ರ.

ಸೋರಿಕೆಗೆ ಟೇಪು ಸುತ್ತುವ ರೂಢಿ ನಮ್ಮಲ್ಲಿ ಬಹಳ. ತುದಿಗೆ ಸಪೂರಾಗುವ ತಿರುಪಿನಲ್ಲಿ ತಡೆಯುವ ಕೆಲಸವನ್ನು ಸುತ್ತುಗಳೇ ಮಾಡುತ್ತವೆ. ಆದರೆ ಸಮನಾದ ತಿರುಪಿನಲ್ಲಿ ಆ ಕೆಲಸ ವಾಷರಿನದು, ಫ್ಲೇರಿನಲ್ಲಿ ಅರಳಿದ ಮುಖದ್ದು. ಅಲ್ಲಿ ಟೇಪಿನಿಂದ ಯಾವ ಪ್ರಯೋಜನವೂ ಇಲ್ಲ. ಮೇಲಾಗಿ ಟೇಪಿನ ಎಳೆ ಹರಿದು ವಾಲ್ವಿನೊಳಗೆ ಸೇರಿದರೆ ಸಣ್ಣ ಸೋರಿಕೆಯ ಬದಲು ದೊಡ್ಡ ದುರಸ್ತಿ ಬರುತ್ತದೆ.

ಜೋಡಿಸುವ ಕ್ರಮ

1. ಪೈಪನ್ನು ಗರಗಸದಿಂದ ಕೊಯ್ಯದೆ ಪೈಪ್ ಕಟರಿನಿಂದ ಕತ್ತರಿಸಿರಿ. ಅಂಚಿನ ಮುಳ್ಳುಗಳನ್ನು ತೆಗೆದು, ಒಳಗೆ ತೊಳೆದು, ಗಾಳಿಯಿಂದ ಊದಿರಿ. ಲೋಹದ ಒಂದು ಹುಡಿಯೂ ಒಳಗೆ ಉಳಿಯಬಾರದು.

2. ಬಾಗಿಸಲು ಬೆಂಡರ್ ಬಳಸಿರಿ. ಮೊಣಕಾಲಿಗೆ ಒತ್ತಿ ಬಾಗಿಸಿದ ಪೈಪು ಒಳಗೆ ಚಪ್ಪಟೆಯಾಗುತ್ತದೆ. ತೆಳುಗೋಡೆಯ ಪೈಪಿನ ತುದಿಯನ್ನು ಇಮ್ಮಡಿಯಾಗಿ ಮಡಿಸಿ ಅರಳಿಸಬೇಕು.

3. ಹೋಸಿನ ಬಾಗು ತೀರ ಕಿರಿದಾಗಿರಬಾರದು. 3/8 ಅಂಗುಲದ ತಂತಿಜಾಲರಿ ಹೋಸಿಗೆ ಬಾಗಿನ ತ್ರಿಜ್ಯ ಕನಿಷ್ಠ 130 ಮಿ.ಮೀ., 1/2 ಅಂಗುಲದ್ದಕ್ಕೆ 180 ಮಿ.ಮೀ. ಇರಲಿ.

4. ಹೋಸಿನ ಮೇಲಿನ ಅಚ್ಚಿನ ಗೆರೆ ನೇರವಾಗಿರಬೇಕು. ಗೆರೆ ಸುರುಳಿ ಸುತ್ತಿದ್ದರೆ ಹೋಸು ತಿರುಚಿದೆಯೆಂದು ಅರ್ಥ. ಒತ್ತಡಕ್ಕೆ ಹೋಸಿನ ಉದ್ದ ತುಸು ಕುಗ್ಗುವುದರಿಂದ ಬಿಗಿಯಾಗಿ ಎಳೆದು ಕಟ್ಟದೆ ಸ್ವಲ್ಪ ಸಡಿಲ ಬಿಡಿರಿ.

5. ಕ್ಲಿಪ್ ಹಾಕುವ ಕಡೆ ಪೈಪಿನ ತುದಿಯಲ್ಲಿ ಉಬ್ಬಿದ ಕಟ್ಟು ಇರಲೇಬೇಕು, ಕ್ಲಿಪ್ ಆ ಕಟ್ಟಿನ ಹಿಂದೆ ಕೂಡಬೇಕು. ನುಣುಪಾದ ಪೈಪಿನ ಮೇಲೆ ಕ್ಲಿಪ್ ಎಷ್ಟು ಬಿಗಿದರೂ ಬಿಸಿ ಎಣ್ಣೆಗೆ ಹೋಸು ಜಾರುತ್ತದೆ. ಕ್ಲಿಪ್ಪಿನ ಜೋಡಣೆ ಕಡಿಮೆ ಒತ್ತಡದ ಪೈಪಿಗೆ ಮಾತ್ರ. ಜಾಕಿನ ಹೋಸಿನ ತುದಿಗಳನ್ನು ಯಂತ್ರದಲ್ಲಿ ಒತ್ತಿಸಿಯೇ ತರಬೇಕು.

6. ಕೂಲರಿನ ಬಾಯಿಗೆ ನಟ್ಟು ಬಿಗಿಯುವಾಗ ಎರಡು ಪಾನಾ ಬಳಸಿರಿ. ಒಂದರಿಂದ ಕೂಲರಿನ ಬಾಯಿಯನ್ನು ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸಿರಿ. ಇಲ್ಲವಾದರೆ ಕೂಲರಿನ ಬೆಸುಗೆ ಬಿಡುತ್ತದೆ.

7. ಪೈಪನ್ನು ಸೈಲೆನ್ಸರಿನಿಂದ ದೂರವಿಡಿರಿ. ಫ್ಯಾನು, ಬೆಲ್ಟು, ಸ್ಟೀಯರಿಂಗಿನ ಸಲಾಕೆಗಳು ತಾಗದಂತೆ ರಬ್ಬರ್ ಹೊದಿಕೆಯ ಕ್ಲಾಂಪುಗಳಿಂದ ಅಲ್ಲಲ್ಲಿ ಚೌಕಟ್ಟಿಗೆ ಬಿಗಿಯಿರಿ. ತಂತಿಯಿಂದ ಕಟ್ಟಿದರೆ ತಂತಿಯೇ ಪೈಪನ್ನು ಕೊರೆಯುತ್ತದೆ.

ಎಲ್ಲ ಮುಗಿದ ಮೇಲೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ತುಂಬಿ, ಇಂಜಿನ್ನನ್ನು ನಿಧಾನವಾಗಿ ಕೆಲವು ನಿಮಿಷ ಓಡಿಸಿರಿ. ನಿಲ್ಲಿಸಿ, ಎಣ್ಣೆಯ ಮಟ್ಟ ನೋಡಿ, ಇಳಿದಷ್ಟನ್ನು ಮತ್ತೆ ತುಂಬಿರಿ. ಕೂಲರ್ ಮತ್ತು ಹೊಸ ಪೈಪಿಗೆ ಸೇರಿದ ಎಣ್ಣೆಯ ಲೆಕ್ಕ ಇದು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ

ಹೆಚ್ಚಿನ ಒತ್ತಡದ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಅದರಿಂದ ಹೊರಡುವ ಎಣ್ಣೆಯ ಎಳೆ ಕಣ್ಣಿಗೆ ಕಾಣದಿದ್ದರೂ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ. ನೋವೂ ಮೊದಲು ಅಷ್ಟಿರುವುದಿಲ್ಲ. ಕೆಲವು ತಾಸುಗಳಲ್ಲಿ ಬೆರಳು ಊದಿ, ಒಳಗಿನ ಮಾಂಸ ಕೊಳೆಯಲು ಆರಂಭವಾಗಿ, ಬೆರಳನ್ನೇ ಕತ್ತರಿಸುವ ಪ್ರಸಂಗ ಬರಬಹುದು. ಆದುದರಿಂದ ಸೋರಿಕೆಯನ್ನು ಎಂದೂ ಕೈಯಿಂದ ತಡವಿ ಹುಡುಕಬೇಡಿರಿ; ಒಂದು ರಟ್ಟನ್ನು ಹಿಡಿದು ನೋಡಿರಿ. ಎಣ್ಣೆ ಚರ್ಮದೊಳಗೆ ಹೊಕ್ಕಿತೆಂಬ ಸಂಶಯ ಬಂದರೂ ಸಾಕು, ಅರಿಷಿಣ ಹಚ್ಚಿ ಕಾಯುತ್ತ ಕೂಡದೆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಎಂದು ಸ್ಪಷ್ಟವಾಗಿ ಹೇಳಿರಿ.

ಯಾವುದೇ ಪೈಪು ಬಿಚ್ಚುವ ಮೊದಲು ರೋಟಾವೇಟರ್, ನೇಗಿಲುಗಳನ್ನು ನೆಲಕ್ಕೆ ಇಳಿಸಿರಿ. ಇಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಹಿಡಿಕೆಗಳನ್ನು ಹಿಂದೆ ಮುಂದೆ ಆಡಿಸಿ ಒಳಗಿನ ಒತ್ತಡ ಬಿಡಿಸಿರಿ. ಎಣ್ಣೆ ತಣಿಯಲಿ. ಎತ್ತಿದ ಟ್ರೇಲರಿನ ಅಡಿಗೆ, ಗಟ್ಟಿಯಾದ ಊರುಗೋಲು ಕೊಡದೆ, ಒಂದು ಕ್ಷಣವೂ ತಲೆ ಹಾಕಬಾರದು. ಹೋಸು ಒಡೆದರೆ ಡಬ್ಬಿ ಕೆಳಗೆ ಬೀಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ದಾರಿಯಲ್ಲಿ ಒಡೆದರೆ

ಕೂಡಲೇ ಇಂಜಿನ್ ನಿಲ್ಲಿಸಿರಿ. 'ಊರು ಹತ್ತಿರವಿದೆ, ಮುಟ್ಟಿಬಿಡೋಣ' ಎಂದು ಮುಂದೆ ಸಾಗಬೇಡಿರಿ. ಕೂಲರಿನ ಕಡಿಮೆ ಒತ್ತಡದ ಪೈಪಾಗಿದ್ದರೆ ಕೆಟ್ಟ ಭಾಗವನ್ನು ಕತ್ತರಿಸಿ, ತುದಿಗಳಿಗೆ ಕಟ್ಟು ಎಬ್ಬಿಸಿ, ಎಣ್ಣೆಗೆ ತಕ್ಕ ಹೋಸಿನ ತುಂಡನ್ನು ಎರಡೂ ಕಡೆ ಕ್ಲಿಪ್ ಬಿಗಿದು ಹಾಕಬಹುದು. ಎಣ್ಣೆ ತುಂಬಿ, ಖಾಲಿ ಗಾಡಿಯನ್ನು ಗ್ಯಾರೇಜಿನ ತನಕ ಒಯ್ಯಲು ಮಾತ್ರ ಇದು. ಲಿಫ್ಟಿನ, ಸ್ಟೀಯರಿಂಗಿನ, ಜಾಕಿನ ಹೋಸುಗಳಿಗೆ ಇಂಥ ತೇಪೆ ಸಲ್ಲದು.

ಹಂಗಾಮಿನ ಮುಂಚಿನ ತಪಾಸಣೆ

ಕಾರ್ಖಾನೆ ಆರಂಭವಾಗುವ ಮೊದಲು ಒಂದು ದಿನ ಇದಕ್ಕಾಗಿ ಮೀಸಲಿಡಿರಿ.

- ಹೋಸುಗಳನ್ನು ಒರೆಸಿ ನೋಡಿರಿ. ಬಿರುಕು, ಉಬ್ಬು, ಹೊರಗೆ ಕಾಣುವ ತಂತಿ, ತುದಿಯಲ್ಲಿ ಒಸರಿದ ಎಣ್ಣೆ ಇದ್ದರೆ ಬದಲಾಯಿಸಿರಿ.
- ಕೂಲರಿನ ಜಾಲರಿಯಲ್ಲಿ ಸೇರಿದ ಕಬ್ಬಿನ ರವದಿ ಮತ್ತು ಧೂಳನ್ನು ಒಳಗಿನಿಂದ ಹೊರಗೆ ಮೆಲ್ಲಗೆ ಗಾಳಿ ಊದಿ ತೆಗೆಯಿರಿ. ಪೈಪು ಒಸರುತ್ತಿದ್ದರೆ ಆ ಎಣ್ಣೆಗೆ ಧೂಳು ಅಂಟಿ ಜಾಲರಿ ಬೇಗ ಮುಚ್ಚುತ್ತದೆ.
- ಎಣ್ಣೆಯ ಬಣ್ಣ ನೋಡಿರಿ. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಕೂಲರ್ ರೇಡಿಯೇಟರಿನ ಒಳಗಿರುವ ವಾಹನಗಳಲ್ಲಿ ಇದು ಕೂಲರ್ ಒಡೆದಿರುವ ಗುರುತು. ಅಂಥ ವಾಹನ ಓಡಿಸಬಾರದು.
- ಸುಟ್ಟ ವಾಸನೆಯ ಕಪ್ಪು ಎಣ್ಣೆ ಕಂಡರೆ, ಎಣ್ಣೆಯ ಜೊತೆಗೆ ಫಿಲ್ಟರನ್ನೂ ಬದಲಾಯಿಸಿ, ಹೋಸಿನ ಒಳದಾರಿ ಮುಚ್ಚಿದೆಯೇ ಎಂದು ಬಿಚ್ಚಿ ನೋಡಿರಿ.
- ಒಂದೆರಡು ಕ್ಲಿಪ್ಪು, ತಾಮ್ರದ ವಾಷರುಗಳು, ಒಂದು ಮೊಳ ಎಣ್ಣೆಯ ಹೋಸು, ಐದು ಲೀಟರ್ ಎಣ್ಣೆ ಇವು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಸದಾ ಇರಲಿ.

ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ಒಂದು ಹಗಲು ಒಂದು ರಾತ್ರಿಯಲ್ಲಿ ಎರಡು ಲೀಟರಿಗೂ ಹೆಚ್ಚು ಎಣ್ಣೆ ಹೋಗುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಸರದಿಗೆ ನಿಂತ ಹೊತ್ತಿನಲ್ಲಿ ಇಳಿದು ಟ್ರ್ಯಾಕ್ಟರಿನ ಅಡಿಗೆ ಒಮ್ಮೆ ನೋಡುವ ರೂಢಿ ಮಾಡಿಕೊಂಡರೆ ಇಂಥ ಹನಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ರೈತ ಬಾಂಧವರು ಹಳೆಯ ಫಿಟಿಂಗನ್ನು ಅಳೆಯಿಸಿ, ಅಚ್ಚು ನೋಡಿ ಹೋಸು ಕೊಂಡು, ತಮ್ಮ ಎದುರಿನಲ್ಲಿಯೇ ಮಿಸ್ತ್ರಿಯಿಂದ ಸರಿಯಾಗಿ ಜೋಡಿಸಿಕೊಂಡಲ್ಲಿ ಹಂಗಾಮು ಮುಗಿಯುವ ತನಕ ಗೇರ್ ಪೆಟ್ಟಿಗೆಯ ಚಿಂತೆ ಇರಲಾರದು.